ನವಲಗುಂದದ ಜಮಖಾನ, ಗ್ರೆನಡಾದ ಮರಳು

ನಾನು ಒಂದು ಜಮಖಾನ. ನೆಲಕ್ಕೆ ಹಾಸುವ, ನಾಲ್ಕು ಜನ ಕೂರುವ, ಕೂತವರು ಎದ್ದ ಮೇಲೆ ಕೊಡವಿ ಸುತ್ತಿಡುವ ದಪ್ಪ ಹತ್ತಿಯ ಹಾಸು. ನನ್ನನ್ನು ನೇಯ್ದದ್ದು ನವಲಗುಂದದಲ್ಲಿ, ಖೈರೂನಬಿ ಎಂಬ ಹೆಂಗಸು. ಗೋಡೆಗೆ ಆನಿಸಿದ ಮಗ್ಗದ ಮುಂದೆ ಆಕೆ, ಆಕೆಯ ಸೊಸೆ ಪಕ್ಕ ಪಕ್ಕ ಕೂರುತ್ತಿದ್ದರು. ಒಂದೊಂದು ಎಳೆ ಸೇರಿಸಿದ ಮೇಲೂ ಬಾಚಣಿಗೆಯಂಥ ಕಬ್ಬಿಣದ ಪಂಜದಿಂದ ನನ್ನನ್ನು ಬಡಿಯುತ್ತಿದ್ದರು. ಬಡಿದಷ್ಟೂ ಗಟ್ಟಿಯಾದೆ. ಆ ಮನೆಯಲ್ಲಿ ನೇಯ್ಗೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗೆ ಕಲಿಸುತ್ತಿರಲಿಲ್ಲ. ಮಗಳು ಹೊರಗಿನ ಮನೆಗೆ ಹೋಗುವವಳು, ವಿದ್ಯೆಯೂ ಅವಳ ಹಿಂದೆ ಹೋಗಿಬಿಡುತ್ತದೆ ಎಂಬ ಭಯ. ಮಗಳು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಅವಳನ್ನು ಯಾರೂ ಒಳಗೆ ಕರೆಯಲಿಲ್ಲ, ಹೊರಗೂ ಕಳಿಸಲಿಲ್ಲ.

ನನ್ನ ಮೈಮೇಲೆ ಕೆಂಪು, ಹಸಿರು, ಹಳದಿ ಚೌಕಗಳು. ನಾಲ್ಕು ಮೂಲೆಗೆ ನಾಲ್ಕು ನವಿಲು. ನನ್ನನ್ನು ಒಯ್ಯಲು ಬಂದವಳು ಪಕ್ಕದ ಹಳ್ಳಿಯ ಗುರುಸಿದ್ದವ್ವ. ಆಕೆಯ ಮಗನ ಮದುವೆ ಗೊತ್ತಾಗಿತ್ತು. ಬಂದವಳೇ ನನ್ನನ್ನು ಬಿಚ್ಚಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಖೈರೂನಬಿ, ಇದೇನ ನವಿಲೋ ಕೋಳಿನೋ? ಕುತಿಗಿ ಎಲ್ಲಿ ಐತಿ?"

"ಅಕ್ಕಾರ, ಲಿಂಗಾಯತರ ಮದುವಿಗೆ ನಾ ಕೋಳಿ ಕಳಸ್ತೀನೇನ್ರಿ? ದೂರ ನಿಂತು ನೋಡ್ರಿ. ನವಿಲು ದೂರದಿಂದಾನ ಚಂದ."

ಗುರುಸಿದ್ದವ್ವ ಅಂಗಳದ ತನಕ ಹಿಂದಕ್ಕೆ ನಡೆದು, ಕಣ್ಣು ಕಿರಿದು ಮಾಡಿ ನೋಡಿದಳು. "ಹೂಂ. ಈಗ ನವಿಲಾತು" ಎಂದಳು. ಹಾಗೆ ನಾನು ಆ ಮನೆಯವನಾದೆ.

ಮದುವೆಯಲ್ಲಿ ನನ್ನ ಮೇಲೆ ಬೀಗರು ಕೂತರು. ಮಗನ ಹೆಸರು ಶಿವಯೋಗಿ. ವೈದ್ಯಕೀಯ ಕಾಲೇಜಿನಲ್ಲಿ ಮನುಷ್ಯ ದೇಹದ ಎಲುಬು, ನರಗಳ ಪಾಠ ಹೇಳುವ ಮೇಷ್ಟ್ರು. ಸೊಸೆ ವಿನುತಾ, ಧಾರವಾಡದಲ್ಲಿ ಎಂ.ಎ. ಓದಿದವಳು, ಕಡಿಮೆ ಮಾತಿನವಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಶಿವಯೋಗಿಗೆ ಕೆರಿಬಿಯನ್ ಸಮುದ್ರದ ನಡುವಿನ ಗ್ರೆನಡಾ ಎಂಬ ಸಣ್ಣ ದ್ವೀಪದಲ್ಲಿ ಕೆಲಸ ಸಿಕ್ಕಿತು. ಸೂಟ್‌ಕೇಸು ತುಂಬುವಾಗ ನನ್ನ ಬಗ್ಗೆ ಜಗಳವಾಯಿತು.

"ಅಲ್ಲಿ ಸೋಫಾ ಇರ್ತಾವ್ರಿ. ಈ ಹೊರಿ ಯಾಕ?" ಎಂದಳು ವಿನುತಾ.

"ಸೋಫಾದ ಮ್ಯಾಲೆ ಕಾಲು ಜೋತುಬಿಟ್ಟು ರೊಟ್ಟಿ ತಿಂದ್ರ ಗಂಟ್ಲಾಗ ಇಳಿಯೂದಿಲ್ಲ" ಎಂದ ಶಿವಯೋಗಿ. ತನ್ನ ಕೋಟು, ಎರಡು ದಪ್ಪ ಪುಸ್ತಕ ಹೊರಗೆ ತೆಗೆದ. ಆ ಜಾಗದಲ್ಲಿ ನನ್ನನ್ನು ಮಡಚಿ ತುರುಕಿದ.

ದ್ವೀಪದಲ್ಲಿ ಎಲ್ಲಿ ನಿಂತರೂ ಕಡಲು ಕಾಣುತ್ತಿತ್ತು. ಬೆಟ್ಟಗಳಲ್ಲಿ ಜಾಯಿಕಾಯಿ ಬೆಳೆಯುತ್ತಿದ್ದರು. ಗಾಳಿ ಅತ್ತಲಿಂದ ಬಂದ ದಿನ ಇಡೀ ಬೀದಿಗೆ ಹೋಳಿಗೆ ಮನೆಯ ವಾಸನೆ. ಅವರು ಹಿಡಿದ ಮನೆ ಒಂದು ಇಳಿಜಾರಿನಲ್ಲಿತ್ತು. ಕೆಳಗಿನ ಮನೆ ಇವರದು, ಮೇಲಿನದು ಮನೆಯೊಡತಿ ಮಿಸ್ ಯೂಲಾಳದು; ಅಲ್ಲಿ ಮದುವೆಯಾದ ಹೆಂಗಸರನ್ನೂ ಮಿಸ್ ಎಂದೇ ಕರೆಯುತ್ತಾರೆ. ಆ ಊರಿನ ಕಪ್ಪು ಹೆಂಗಸು, ಎತ್ತರದ ಆಳು, ಗಂಡನನ್ನು ಬಹಳ ಹಿಂದೆಯೇ ಕಳೆದುಕೊಂಡವಳು. ಆಕೆ ಆಡುತ್ತಿದ್ದದ್ದು ಅಲ್ಲಿಯ ಇಂಗ್ಲಿಷು. ನನಗೆ ಬರುವುದು ನಮ್ಮ ಕಡೆಯ ಮಾತೊಂದೇ. ಹಾಗಾಗಿ ನನ್ನ ಕತೆಯಲ್ಲಿ ಆಕೆಯೂ ನಮ್ಮ ಕಡೆಯವಳ ಹಾಗೇ ಮಾತಾಡುತ್ತಾಳೆ. ಬೇಸರಿಸಬೇಡಿ.

ಭಾನುವಾರ ಬಂತೆಂದರೆ ನನ್ನನ್ನು ಕಡಲಿಗೆ ಒಯ್ಯುತ್ತಿದ್ದರು. ಆ ದ್ವೀಪದಲ್ಲಿ ಮಕ್ಕಳೊಂದಿಗರು ಹೋಗುವ ಕಡಲ ದಂಡೆಯೇ ಬೇರೆ. ಅದು ಕುದುರೆ ಲಾಳದ ಆಕಾರದ ಸಣ್ಣ ಕೊಲ್ಲಿ. ಅಲೆಗಳು ಹೊರಗೇ ಸುಸ್ತಾಗಿ, ಒಳಗೆ ಬರುವಾಗ ಬಟ್ಟಲ ನೀರಿನಂತೆ ಅಲುಗುತ್ತಿದ್ದವು. ಬಹಳ ದೂರದ ತನಕ ನೀರು ದೊಡ್ಡವರ ಮೊಣಕಾಲಿಗಷ್ಟೇ ಬರುತ್ತಿತ್ತು. ತಾಯಂದಿರು ಮಕ್ಕಳನ್ನು ಬಿಟ್ಟು ನಿಶ್ಚಿಂತೆಯಿಂದ ಹರಟುತ್ತಿದ್ದರು. ಪ್ರವಾಸಿಗರು ಉದ್ದನೆಯ ಕುರ್ಚಿಗಳ ಮೇಲೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಒಣಗುತ್ತಿದ್ದರು. ನಮ್ಮವರು ಮಾತ್ರ ನೆರಳು ಹುಡುಕಿದರು.

ದಂಡೆಯ ತುದಿಯಲ್ಲಿ ಒಂದು ಬಾದಾಮಿ ಮರವಿತ್ತು, ಅಗಲ ಎಲೆಯದು. "ಅರೇ, ನಮ್ಮ ಸಾಲಿ ಮುಂದಿನ ಗಿಡಾನ ಇದು!" ಎಂದು ಶಿವಯೋಗಿ ಅದರ ಕೆಳಗೇ ನನ್ನನ್ನು ಹಾಸಿದ. ಡಬ್ಬಿ ಬಿಚ್ಚಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಉಳ್ಳಾಗಡ್ಡಿ. ನೀರಿಗೆ ಬಂದವರು ಎದ್ದು ಬಂದು ನೋಡಿದರು. ಅವತ್ತು ಅಲ್ಲಿಗೆ ಬಂದಿದ್ದ ಮಿಸ್ ಯೂಲಾ ಒಂದು ರೊಟ್ಟಿಯನ್ನು ಎತ್ತಿ ಬೆರಳಿನಿಂದ ಬಾರಿಸಿದಳು.

"ಡಾಕ್ಟರ್, ಇದು ತಿನ್ನೂದೋ, ಮನಿ ಮ್ಯಾಲೆ ಹೊಚ್ಚೂದೋ?"

"ಮೊದಲ ತಿನ್ರಿ. ಹಲ್ಲು ಉಳದ್ರ ಆಮ್ಯಾಲೆ ಹೊಚ್ಚೋಣ" ಎಂದ ಶಿವಯೋಗಿ.

ಅವಳು ನಕ್ಕು ನನ್ನ ಮೇಲೆ ಕೂತಳು. ಅವತ್ತಿನಿಂದ ಭಾನುವಾರ ಅವಳ ಹಳೆ ಕಾರಿನಲ್ಲೇ ಎಲ್ಲರೂ ಹೋಗತೊಡಗಿದರು.

ಅಲ್ಲೇ ಒಂದು ಹೆಣ್ಣುಮಗು ಹುಟ್ಟಿತು. ಇಂಪನಾ. ಎಲ್ಲರ ಬಾಯಲ್ಲಿ ಇಂಪಿ. ಅವಳು ನನ್ನ ಮೇಲೆ ಬೋರಲು ಬಿದ್ದಳು, ಅಂಬೆಗಾಲಿಟ್ಟಳು. ನನ್ನಿಂದ ಇಳಿದು ಮರಳಿಗೆ, ಮರಳಿನಿಂದ ನೀರಿಗೆ ಹೋದಳು. ಮೀನಿನ ಹಾಗೆ ಈಜು ಕಲಿತಳು. ಅವಳ ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಕಪ್ಪು ಮಣ್ಣಿನ ಹೊಲದಲ್ಲಿ ಬೆಳೆದವನು. ಪ್ಯಾಂಟು ಮಡಚಿ ಮೊಣಕಾಲುದ್ದ ನೀರಲ್ಲಿ ನಿಲ್ಲುತ್ತಿದ್ದ. ಅವಳು ಅವನ ಕೈ ಎಳೆಯುವಳು. "ಬಾ ಅಪ್ಪಾ, ಹೆದರಬ್ಯಾಡ, ನಾ ಹಿಡ್ಕೋತೀನಿ." ಅವನು ಎರಡು ಹೆಜ್ಜೆ ಹೋಗಿ ಓಡಿಬಂದು ನನ್ನ ಮೇಲೆ ಧೊಪ್ಪನೆ ಕೂರುತ್ತಿದ್ದ. ಅವನ ಒದ್ದೆ ಪ್ಯಾಂಟಿನ ನೀರು ನನ್ನೊಳಗೆ ಇಳಿಯುತ್ತಿತ್ತು. ವಿನುತಾ ಒಂದು ಪುಸ್ತಕ ಹಿಡಿದು ಮರಕ್ಕೆ ಒರಗಿರುತ್ತಿದ್ದಳು. ಅವಳು ಓದುತ್ತಿರಲಿಲ್ಲ, ಇವರಿಬ್ಬರನ್ನೇ ನೋಡುತ್ತಿದ್ದಳು. ಅದು ನನಗೊಬ್ಬನಿಗೇ ಗೊತ್ತು. ಅವಳ ಪುಟ ತಿರುಗುತ್ತಿರಲಿಲ್ಲ.

ಇಂಪಿಗೆ ಐದು ವರ್ಷವಿದ್ದಾಗ, ಕ್ರಿಸ್‌ಮಸ್ ಮುಗಿದು ಕಾಲೇಜು ತೆರೆದ ವಾರ, ಶಿವಯೋಗಿಗೆ ಪಾಠ ಮಾಡುತ್ತಿದ್ದಾಗಲೇ ಎದೆ ಹಿಡಿಯಿತು. ಮನೆಗೆ ಬರಲಿಲ್ಲ.

ಲಿಂಗಾಯತರಲ್ಲಿ ಮಣ್ಣು ಮಾಡುತ್ತಾರೆ. ಊರಿನ ಮಣ್ಣಾದರೇನು, ದ್ವೀಪದ ಮಣ್ಣಾದರೇನು, ಅಷ್ಟು ದೂರ ಹೊತ್ತು ಅವನನ್ನು ದಣಿಸಬೇಡ ಎಂದು ಗುರುಸಿದ್ದವ್ವನೇ ಫೋನಿನಲ್ಲಿ ಹೇಳಿದಳು. ಕೊಲ್ಲಿಯ ಮೇಲಿನ ಗುಡ್ಡದ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಎಲ್ಲ ಮುಗಿಸಿ ಬಂದ ವಿನುತಾ ನನ್ನ ಮೇಲೆ ಕೂತಿದ್ದಾಗ ಮತ್ತೆ ಫೋನು ಬಂತು.

"ಕುಂಡ್ರಿಸಿದ್ರೋ, ಮಲಗಿಸಿದ್ರೋ?" ನಮ್ಮ ಕಡೆ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ.

"ಮಲಗಿಸಿದ್ರು ಅತ್ತಿ. ಇಲ್ಲೆ ಪೆಟ್ಟಿಗ್ಯಾಗ ಮಲಗಸ್ತಾರ."

"ಇರ್ಲಿ ಬಿಡು. ದಣದಿದ್ದ."

ಇಂಪಿಯನ್ನು ಅವತ್ತಿನ ತನಕ ಅವಳ ಗೆಳತಿಯ ಮನೆಯಲ್ಲಿ ಬಿಟ್ಟಿದ್ದರು. ಸಂಜೆ ಬಂದವಳು ಬಾಗಿಲಲ್ಲೇ ಕೇಳಿದಳು, "ಅಪ್ಪ ಎಲ್ಲಿ?"

ವಿನುತಾ ಬಾಯಿ ತೆರೆದಳು. ಅವಳು ಯೋಚಿಸಿ ಹೇಳಿದ್ದಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. "ಊರಿಗೆ ಹೋಗ್ಯಾನ. ಆಯಿ ಕಡೆ."

ಹಿಂದಿನ ವರ್ಷ ಅವನು ಹಾಗೆ ಹೋಗಿ ಬಂದಿದ್ದ. ಮಗು ನಂಬಿತು. ಬೂಟು ಬಿಚ್ಚಿ ಊಟ ಕೇಳಿತು.

ಆ ಒಂದು ಮಾತಿಗೆ ಅನ್ನ ಹಾಕಿ ಸಾಕಬೇಕಾಯಿತು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಇಂಪಿ ನನ್ನ ಮೇಲೆ ಕೂತು ಆಯಿಗೆ, ಅಂದರೆ ಅಜ್ಜಿ ಗುರುಸಿದ್ದವ್ವನಿಗೆ, ವಿಡಿಯೋ ಕರೆ ಮಾಡುತ್ತಿದ್ದಳು. ಅಲ್ಲಿ ಆಗ ಸಂಜೆ.

"ಆಯಿ, ಅಪ್ಪಗ ಕೊಡು."

ಗುರುಸಿದ್ದವ್ವ ವಿನುತಾಳ ಮುಖ ನೋಡಿದಳು. ವಿನುತಾ ತಲೆ ಅಲ್ಲಾಡಿಸಿದಳು. "ಹೊಲಕ್ಕ ಹೋಗ್ಯಾನ ನನ್ನ ಬಂಗಾರ. ಕಡ್ಲಿ ಕೀಳಾಕ."

ಕಡಲೆ ಆಯಿತು. ಜೋಳ ಆಯಿತು. ಗೋಧಿ ಆಯಿತು. ಮೆಣಸಿನಕಾಯಿ ಬಿಡಿಸಿದ್ದೂ ಆಯಿತು.

"ಸಂಜಿ ಆದ್ರೂ ಹೊಲದಾಗೇನು?"

"ಹಂದಿ ಬರ್ತಾವವ್ವಾ. ಕಾಯಬೇಕಲ್ಲ."

"ಅಲ್ಲೆ ಫೋನ್ ಹತ್ತೂದಿಲ್ಲ?"

"ಎಲ್ಲಿದು ಹತ್ತೂದು! ಗಿಡಾ ಏರಿದ್ರೂ ಹತ್ತೂದಿಲ್ಲ."

"ಅಪ್ಪಂದು ಹೊಲಾ ಮುಗಿಯೂದ ಇಲ್ಲೇನು ಆಯಿ?"

ಆಗ ಫೋನಿನಲ್ಲಿ ಗುರುಸಿದ್ದವ್ವನ ಮುಖ ಹೋಗಿ ಮನೆಯ ತೊಲೆ ಮಾತ್ರ ಕಾಣಿಸಿತು.

ಕಡಲಿಗೆ ಹೋಗುವುದು ನಿಂತುಹೋಯಿತು. ನನ್ನ ಹೊಟ್ಟೆಯಲ್ಲಿದ್ದ ಹಳೆಯ ಮರಳು ಒಣಗಿ ನೆಲಕ್ಕೆ ಉದುರುತ್ತಿತ್ತು. ವಿನುತಾ ದಿನಾ ಗುಡಿಸುತ್ತಿದ್ದಳು. ಅವಳು ಅಳಲಿಲ್ಲ. ಮಗು ನೋಡೀತು ಎಂದು ಮೊದಲು ತಡೆದಳು, ಆಮೇಲೆ ಬರಲೇ ಇಲ್ಲ. ಅಡುಗೆ ಮಾಡಿದಳು, ಬಟ್ಟೆ ಮಡಚಿದಳು. ಅವನ ಅಂಗಿಗಳನ್ನೂ ತೊಳೆದು ಮಡಚಿದಳು. ಒಮ್ಮೆ ಮಿಸ್ ಯೂಲಾ ಸೂಪಿನ ಪಾತ್ರೆ ಹಿಡಿದು ಇಳಿದು ಬಂದವಳು ಬಾಗಿಲಿಗೆ ಅಡ್ಡ ನಿಂತಳು.

"ನಾ ಕೂಸಿಗೆ ಏನೂ ಹೇಳೂದಿಲ್ಲ. ನಿನ್ನ ಮಗಳು, ನಿನ್ನ ಮಾತು. ಆದ್ರ ಕೇಳು, ನನ್ನ ಗಂಡ ಸತ್ತಾಗ ಇಡೀ ಓಣಿ ಬಂದು ನಮ್ಮ ಅಂಗಳದಾಗ ಹಾಡ್ತು, ಕುಡೀತು, ಅತ್ತು ನಕ್ಕು ಗದ್ದಲಾ ಮಾಡ್ತು. ನಿನ್ನ ಗಂಡ ಕಳ್ಳನ್ಹಂಗ ಹೋಗಿಬಿಟ್ಟ."

ವಿನುತಾ ಪಾತ್ರೆ ತೆಗೆದುಕೊಂಡಳು. "ಸೂಪ್ ಆರ್ತೈತಿ" ಎಂದಳು.

ಮೇ ತಿಂಗಳ ಕೊನೆಗೆ ದ್ವೀಪ ಬಿಟ್ಟು ಕಾಯಂ ಊರಿಗೆ ಹೊರಡುವುದೆಂದಾಯಿತು. ಇಂಪಿಗೆ ಹಿಗ್ಗೋ ಹಿಗ್ಗು. ಅವಳ ಸೂಟ್‌ಕೇಸನ್ನು ಅವಳೇ ನನ್ನ ಮೇಲಿಟ್ಟು ತುಂಬಿದಳು. ತನ್ನ ಬಟ್ಟೆಗಿಂತ ಮೊದಲು ಅಪ್ಪನ ಚಪ್ಪಲಿ ಇಟ್ಟಳು. "ಬಿಟ್ಟು ಹೋಗ್ಯಾನ, ಹೊಲದಾಗ ಮುಳ್ಳಿರ್ತಾವ." ಆಮೇಲೆ ತಾನು ಈಜು ಕಲಿತ ಹಳದಿ ಗಾಳಿಯುಂಗುರ. "ಊರಾಗ ಕೆರಿ ಐತಲ್ಲ. ಅಪ್ಪಗ ಕಲಿಸ್ತೀನಿ. ಇದು ಅವನ ಹೊಟ್ಟಿಗೆ ಹಿಡೀತೈತೇನವ್ವಾ?"

ವಿನುತಾ ಎದ್ದು ಒಳಗೆ ಹೋದಳು. ಇಂಪಿ ಶಾಲೆಗೆ ಹೋದ ಮೇಲೆ ಗುರುಸಿದ್ದವ್ವನೇ ಕರೆ ಮಾಡಿದಳು.

"ಯವ್ವಾ ವಿನುತಾ, ಇನ್ನ ಯಾವ ಪೀಕು ಕೀಳಸ್ಲಿ ನಾ ಅವನ ಕೈಲೆ? ಎಲ್ಲಾ ತೀರ್‍ತು. ಮನಿ ಮುಂದ ಮಂದಿ ಬಂದು ಕುಂತಿರ್ತಿದ್ರು, ನಿನ್ನ ಫೋನ್ ಬಂದ ಕೂಡ್ಲೆ ಸೆರಗಿಲೆ ಮಾರಿ ಒರಸ್ಕೊಂಡು ನಗತಿದ್ದೆ. ಹಡದಾಕಿ ನಾನು. ನನ್ನ ಮಗಾ ಸತ್ರ ಅಳಾಕ ಕೂಸಿನ ಪರವಾನಗಿ ಬೇಕಾತು ನನಗ."

"ಅತ್ತಿ—"

"ಬೈಯ್ಯಾಕ ಹತ್ತಿಲ್ಲವ್ವಾ. ಕೇಳಾಕ ಹತ್ತೀನಿ. ಆ ಕೂಸು ಇಲ್ಲಿ ಬಂದು ಅಪ್ಪಾ ಅಪ್ಪಾ ಅಂತ ಹೊಲದ ಬದುವಿನ ಮ್ಯಾಲೆ ಓಡ್ತಂದ್ರ ನಾ ಬದುಕೂದಿಲ್ಲ. ಅಲ್ಲೆ ಹೇಳಿ ಕರಕೊಂಡ್ ಬಾ."

ಹೊರಡುವ ಮುಂಚಿನ ಭಾನುವಾರ ವಿನುತಾ ನನ್ನನ್ನು ಸುತ್ತಿ ಹೆಗಲಿಗೆ ಹಾಕಿಕೊಂಡಳು. ಮೊದಲೆಲ್ಲ ನನ್ನನ್ನು ಹೊರುತ್ತಿದ್ದವನು ಶಿವಯೋಗಿ. ಅವಳ ಹೆಗಲು ನನಗೆ ಹೊಸದು, ಸಣ್ಣದು.

ಕೊಲ್ಲಿ ಹಾಗೇ ಇತ್ತು. ಮಕ್ಕಳು ಕಿರುಚುತ್ತಿದ್ದರು. ಯಾರೋ ಒಬ್ಬ ತಂದೆ ಆಳದ ಕಡೆ ಹೋಗಿ ಮಗನನ್ನು ಹೆಗಲ ಮೇಲೆ ನಿಲ್ಲಿಸಿ ನೀರಿಗೆ ಹಾರಿಸುತ್ತಿದ್ದ. ಬಾದಾಮಿ ಮರದ ಕೆಳಗೆ ನನ್ನನ್ನು ಹಾಸಿದರು. ಮಿಸ್ ಯೂಲಾ ಸ್ವಲ್ಪ ದೂರ ಹೋಗಿ ಎಳನೀರಿನವನ ಹತ್ತಿರ ಮಾತಿಗೆ ನಿಂತಳು. ಇಂಪಿ ಈಜಿ ಬಂದು, ಮೈಯಿಂದ ನೀರು ಸುರಿಸುತ್ತ ನನ್ನ ನಡುವೆ ಕೂತಳು.

ವಿನುತಾ ಟವೆಲಿನಿಂದ ಅವಳ ತಲೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಇಂಪಿ, ಅಪ್ಪ ಊರಾಗ ಇಲ್ಲ."

"ಗೊತ್ತೈತಿ. ಹೊಲದಾಗ ಅದಾನ."

"ಹೊಲದಾಗೂ ಇಲ್ಲ. ಅಪ್ಪ ಸತ್ತು ಹೋಗ್ಯಾನ."

ಟವೆಲಿನೊಳಗಿಂದ ಮಗುವಿನ ಮುಖ ಹೊರಗೆ ಬಂತು. "ಮಿಸ್ ಯೂಲಾನ ಬೆಕ್ಕಿನಗತೆ?"

"ಹೂಂ."

"ಯಾವಾಗ?"

"ಕ್ರಿಸ್‌ಮಸ್ ಆದ ಮ್ಯಾಲೆ. ಎದಿಯಾಗ ನೋವು ಬಂತು. ಡಾಕ್ಟರ್‌ಗೋಳು ನೋಡಿದ್ರು, ಆಗಲಿಲ್ಲ."

"ಆಯಿ ಸುಳ್ಳ ಹೇಳಿದ್ಳಾ?"

"ನಾ ಹೇಳಿಸಿದ್ದು. ಆಯಿ ತಪ್ಪಿಲ್ಲ."

ಇಂಪಿ ಅಳಲಿಲ್ಲ. ಕಾಲಿಗೆ ಅಂಟಿದ ಮರಳನ್ನು ಉಜ್ಜಿ ಉಜ್ಜಿ ತೆಗೆದಳು. ಆ ಮರಳು ನನ್ನ ಮೇಲೆ ಬಿತ್ತು.

"ಹಂಗಾರ ಈಗ ಎಲ್ಲಿ ಅದಾನ?"

ವಿನುತಾ ಕೈ ತೋರಿಸಿದಳು. "ಅಲ್ಲೆ, ಆ ಗುಡ್ಡದ ಮ್ಯಾಲೆ. ಮಣ್ಣಾಗ."

ಮಗು ಗುಡ್ಡ ನೋಡಿತು. ಮುಖ ಬಿಗಿಯಿತು. ಅವಳ ಅಮ್ಮ ಹೆದರಿ ಕಾದಿದ್ದ ಪ್ರಶ್ನೆಯೇ ಬೇರೆ, ಅವಳು ಕೇಳಿದ್ದೇ ಬೇರೆ.

"ಇಲ್ಲೇ ಅದಾನ? ಮತ್ತ ನಾವು ಹೊಂಟೀವಿ?"

"ಹೂಂ."

"ಅವಗ ಗೊತ್ತೈತಿ?"

ವಿನುತಾಳಿಂದ ಒಂದು ಸದ್ದು ಬಂತು. ಅದು ಮಾತಲ್ಲ. ಅವಳು ಮುಂದಕ್ಕೆ ಬಾಗಿ ಎರಡೂ ಅಂಗೈಯನ್ನು ನನ್ನ ಮೇಲೆ ಊರಿದಳು. ನನ್ನ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದಳು. ಅಲ್ಲಿಯ ತನಕ ಬಾರದೆ ಇದ್ದದ್ದೆಲ್ಲ ಬಂತು. ನೀರಿನಲ್ಲಿದ್ದವರು ತಿರುಗಿ ನೋಡಿದರು. ಮಿಸ್ ಯೂಲಾ ಓಡಿ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು.

"ನಾ ಬರೂದಿಲ್ಲ" ಎಂದಳು ಇಂಪಿ. ನನ್ನ ಮೇಲೆ ಮಲಗಿ, ಅಂಚಿನ ಕುಚ್ಚನ್ನು ಹಿಡಿದುಕೊಂಡಳು. "ನೀ ಹೋಗು. ಅಪ್ಪ ಒಬ್ಬನ ಆಗ್ತಾನ."

ಎಷ್ಟು ರಮಿಸಿದರೂ ಏಳಲಿಲ್ಲ. ಮಕ್ಕಳೆಲ್ಲ ಮನೆಗೆ ಹೋದರು. ಎಳನೀರಿನವನು ಗಾಡಿ ತಳ್ಳಿಕೊಂಡು ಹೋದ. ಕೊನೆಗೆ ಮಿಸ್ ಯೂಲಾ ಅವಳ ಪಕ್ಕದಲ್ಲಿ ತಾನೂ ಅಡ್ಡಾದಳು.

"ನಾ ಇಲ್ಲೇ ಇರಾಕಿ, ಕೂಸ. ನನ್ನ ಗಂಡನೂ ಅದ ಗುಡ್ಡದ ಮ್ಯಾಲೆ ಅದಾನ. ಇಬ್ಬರನ್ನೂ ನೋಡಿ ಬರ್ತೀನಿ."

"ನೀ ಏನ ಮಾತಾಡ್ತಿ ಅಪ್ಪನ ಕೂಡ? ನಿನಗ ಕನ್ನಡ ಬರೂದಿಲ್ಲ."

"ಖರೇ. ಬರೂದಿಲ್ಲ" ಎಂದಳು ಯೂಲಾ.

ಇಂಪಿ ಹಿಡಿದಿದ್ದ ಕುಚ್ಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಎದ್ದು ಕೂತು ನನ್ನನ್ನು ನೋಡಿದಳು. ಅಷ್ಟು ಹತ್ತಿರದಿಂದ, ಅಷ್ಟು ಗಂಭೀರವಾಗಿ ಯಾರೂ ನನ್ನನ್ನು ನೋಡಿರಲಿಲ್ಲ.

"ಇದಕ್ಕ ಬರ್ತೈತಿ" ಎಂದಳು. "ಇದು ಊರಿಂದು. ಇದನ್ನ ಬಿಟ್ಟು ಹೋಗೋಣ."

ವಿನುತಾ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಅಂಚನ್ನು ಒಮ್ಮೆ ಸವರಿದಳು. "ಆತು" ಎಂದಳು. ಆಗ ಮಗು ತಾನಾಗಿ ಎದ್ದು ಚಪ್ಪಲಿ ಹಾಕಿಕೊಂಡಿತು.

ಹೊರಡುವ ದಿನ ಬೆಳಿಗ್ಗೆ ನನ್ನನ್ನು ಗುಡ್ಡಕ್ಕೆ ಒಯ್ದರು. ಇಂಪಿ ಮೊದಲ ಸಲ ಆ ಜಾಗ ನೋಡಿದಳು. ಹುಲ್ಲು ಆಗಲೇ ಬೆಳೆದಿತ್ತು. ಸೂಟ್‌ಕೇಸಿನಿಂದ ತೆಗೆದು ತಂದಿದ್ದ ಅಪ್ಪನ ಚಪ್ಪಲಿಯನ್ನು ಕಲ್ಲಿನ ಹತ್ತಿರ ಜೋಡಿಸಿದಳು. ನನ್ನನ್ನು ತಾನೇ ಹಾಸಿದಳು; ಸೊಟ್ಟಗೆ ಬಿದ್ದೆ, ಯಾರೂ ಸರಿ ಮಾಡಲಿಲ್ಲ. ವಿನುತಾ ವಿಭೂತಿಯ ಕರಡಿಗೆ ತೆಗೆದು ಕಲ್ಲಿಗೆ ಮೂರು ಬೆರಳು ಎಳೆದಳು. ಇಂಪಿ ನನ್ನ ಕಿವಿಗೆ ಎಂಬಂತೆ ಮೂಲೆಯ ನವಿಲಿಗೆ ಬಾಯಿಟ್ಟು ಏನೋ ಹೇಳಿದಳು. ಅದನ್ನು ಇಲ್ಲಿ ಹೇಳಲಾರೆ. ಅದು ನಿಮಗೆ ಹೇಳಿದ್ದಲ್ಲ.

ಕಾರು ಇಳಿಜಾರಿನಲ್ಲಿ ಇಳಿದು ಹೋಯಿತು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಮಳೆ ಬರುವ ಹೊತ್ತಿಗೆ ಮಿಸ್ ಯೂಲಾ ನನ್ನನ್ನು ಮನೆಗೆ ಒಯ್ಯುತ್ತಿದ್ದಳು, ಭಾನುವಾರ ಚರ್ಚು ಮುಗಿದ ಮೇಲೆ ಗುಡ್ಡಕ್ಕೆ ತಂದು ಹಾಸುತ್ತಿದ್ದಳು. ತನ್ನ ಗಂಡನಿಗೆ ಹೇಳುವುದನ್ನು ಹೇಳಿ ಮುಗಿಸಿ, ಇತ್ತ ಬಂದು ನನ್ನ ಮೇಲೆ ಕೂರುತ್ತಿದ್ದಳು. "ಹೂಂ, ಈಗ ನಿನ್ನ ಪಾಳಿ" ಎಂದು ನನಗೆ ಹೇಳಿ ಕಣ್ಣು ಮುಚ್ಚುತ್ತಿದ್ದಳು. ಊರಿನಿಂದ ಫೋನು ಬರುತ್ತಿತ್ತು. ಜಮಖಾನ ಹಾಸಿದ್ದೀಯಾ ಎಂದು ಇಂಪಿ ಮಿಸ್ ಯೂಲಾಳನ್ನು ಕೇಳುತ್ತಿದ್ದಳು. ಮೊದಲು ವಾರವಾರ. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ವಿನುತಾ ಒಬ್ಬಳೇ ಮಾತಾಡಿದಳು. ಇಂಪಿಗೆ ಪರೀಕ್ಷೆ ಇದೆ, ಇಂಪಿ ಗೆಳತಿಯರ ಜೊತೆ ಹೋಗಿದ್ದಾಳೆ, ಇಂಪಿ ಚೆನ್ನಾಗಿದ್ದಾಳೆ. ಈಗ ಅದೂ ಅಪರೂಪ.

ನನಗೆ ವಯಸ್ಸಾಗಿದೆ. ಬಣ್ಣ ಬಿಸಿಲಿಗೆ ಹೋಯಿತು. ನವಿಲುಗಳನ್ನು ಈಗ ಎಷ್ಟು ದೂರ ನಿಂತು ನೋಡಿದರೂ ಗುರುತು ಹತ್ತುವುದಿಲ್ಲ. ಒಂದು ಮಗ್ಗುಲನ್ನು ಇಲಿ ಕಡಿದಿದೆ. ಮಿಸ್ ಯೂಲಾಳ ಮೊಣಕಾಲು ಗುಡ್ಡ ಹತ್ತುವುದಿಲ್ಲ. ನನ್ನನ್ನು ಸುತ್ತಿ ಅವಳ ಬಾಗಿಲ ಹಿಂದೆ ನಿಲ್ಲಿಸಿದ್ದಾರೆ. ಜಮಖಾನ ಹುಟ್ಟಿದ್ದು ಕೂರಿಸಿಕೊಳ್ಳಲು, ನಿಲ್ಲಲು ಅಲ್ಲ. ಈ ದ್ವೀಪದಲ್ಲಿ ನನ್ನ ಮಾತು ಬಲ್ಲವರು ಯಾರೂ ಇಲ್ಲ. ಆಡದೆ ಆಡದೆ ನನಗೂ ಕೆಲವು ಶಬ್ದ ಮರೆಯುತ್ತಿವೆ.

ಇಂಪಿ ಮರೆತಳೆಂದು ನನಗೆ ಬೇಸರವಿಲ್ಲ. ಅವಳು ಹೋಗಲಿ ಎಂದೇ ನನ್ನನ್ನು ಇಲ್ಲಿ ಬಿಟ್ಟದ್ದು. ಅವಳು ಇನ್ನೂ ಕೇಳುತ್ತಲೇ ಇದ್ದಿದ್ದರೆ ನಾನು ಉಳಿದದ್ದು ದಂಡವಾಗುತ್ತಿತ್ತು.

ನನ್ನಿಂದ ಹೆಚ್ಚೇನೂ ಆಗಿಲ್ಲ. ಆದರೆ ಅವತ್ತು ಮಧ್ಯಾಹ್ನ, ಗುಡ್ಡದ ಮೇಲೆ ನನ್ನನ್ನು ಸೊಟ್ಟಗೆ ಹಾಸಿ ಹೋದ ಆ ದಿನ, ಕೆಳಗೆ ಕೊಲ್ಲಿಯಲ್ಲಿ ಮಕ್ಕಳ ಗದ್ದಲ ನಡೆದಿತ್ತು. ವಿಮಾನವೊಂದು ಕಡಲಿನ ಕಡೆಗೆ ಏರಿತು. ಅದರ ನೆರಳು ಹುಲ್ಲಿನ ಮೇಲೆ, ಕಲ್ಲುಗಳ ಮೇಲೆ, ನನ್ನ ಮೇಲೆ ಹಾದು ಹೋಯಿತು. ಸದ್ದು ಅಡಗುವ ತನಕ ಕಾದೆ. ಆಮೇಲೆ ನನಗೆ ಬರುವ ಒಂದೇ ಮಾತಿನಲ್ಲಿ, ಕೆಳಗಿನ ಮಣ್ಣಿಗೆ ಕೇಳುವಂತೆ ಹೇಳಿದೆ.

"ಹೊಂಟ್ರು ನೋಡಪ್ಪಾ, ಶಿವಯೋಗಿ."